ಹತ್ತು ಎಚ್‌ಪಿ ಮೋಟಾರು, ಹುಚ್ಚಪ್ಪನ ಮೂರು ಬೆರಳು

ಲಕ್ಕಲಕಟ್ಟಿಯ ಇಮಾಮಸಾಬನ ಹಿಟ್ಟಿನ ಗಿರಣಿಯ ಮುಂದೆ ದಿನಾ ಬೆಳಿಗ್ಗೆ ಬುಟ್ಟಿಗಳು ಸಾಲಾಗಿ ಕೂತಿರುತ್ತಿದ್ದವು. ಬುಟ್ಟಿ ತಂದ ಹೆಂಗಸರು ಮಾತ್ರ ಅಲ್ಲಿ ಇರುತ್ತಿರಲಿಲ್ಲ. ಜೋಳದ ಬುಟ್ಟಿಯನ್ನು ಪಾಳಿಗೆ ಹಚ್ಚಿ, ಗುರುತಿಗೆ ಮೇಲೊಂದು ಬಟ್ಟೆ ಹೊದಿಸಿ, ಅವರು ಹೊಲಕ್ಕೆ ಹೋಗಿಬಿಡುತ್ತಿದ್ದರು. ಕರೆಂಟು ಯಾವಾಗ ಬರುತ್ತದೆ ಎಂದು ಇಮಾಮಸಾಬನಿಗೇ ಗೊತ್ತಿರಲಿಲ್ಲ. ಇನ್ನು ಅವರು ಯಾರನ್ನು ಕೇಳಬೇಕು?

ಗಿರಣಿ ಇದ್ದದ್ದು ಊರ ಅಂಚಿನಲ್ಲಿ, ಪಂಪ್‌ಸೆಟ್ಟಿನ ಲೈನಿನಲ್ಲಿ. ಊರೊಳಗಿನ ದೀಪಕ್ಕೆ, ಫ್ಯಾನಿಗೆ ಕರೆಂಟು ಇರುತ್ತಿತ್ತು. ಹತ್ತು ಎಚ್‌ಪಿ ಮೋಟಾರು ತಿರುಗಿಸುವ ಮೂರು ಫೇಜಿನ ಕರೆಂಟು ಮಾತ್ರ ಒಂದು ವಾರ ಮಧ್ಯಾಹ್ನ ಬಂದರೆ ಇನ್ನೊಂದು ವಾರ ನಸುಕಿಗೆ ಬರುತ್ತಿತ್ತು. ಬಂದರೂ ನಡುನಡುವೆ ಹೋಗುತ್ತಿತ್ತು.

"ಏನೋ ಇಮಾಮಸಾಬ, ನಮ್ಮ ಜ್ವಾಳ ಬುಟ್ಟ್ಯಾಗಽ ಮೊಳಕಿ ಒಡ್ಯಾಕತ್ತಾವು," ಎಂದು ಮುದುಕಿ ಅಡಿವೆವ್ವ ಒಂದು ದಿನ ಕೇಳಿದಳು. "ಬೀಸಿ ಕೊಡ್ತೀಯೋ, ಒಯ್ದು ಬಿತ್ತಿ ಬರಲೋ?"

"ನನ್ನ ಕೈಯಾಗ ಏನೈತಬೇ? ತಂತ್ಯಾಗ ಬರಬೇಕಲ್ಲ."

"ನಿನ್ನ ಮಾರಿ ಮ್ಯಾಲ ಸಿಟ್ಟು ಹೊತ್ತಹೊತ್ತಿಗೆ ಬರತೈತಲ್ಲ. ಅದನ್ನ ಹಚ್ಚಿ ತಿರಗಸು."

ಅಲ್ಲಿದ್ದವರು ನಕ್ಕರು. ಇಮಾಮಸಾಬ ನಗಲಿಲ್ಲ. ನಗುವವರೇ ನಾಳೆ ಬಸ್ಸಿನಲ್ಲಿ ಚೀಲ ಹಾಕಿಕೊಂಡು ಗಜೇಂದ್ರಗಡದ ಗಿರಣಿಗೆ ಹೋಗುತ್ತಾರೆ ಎನ್ನುವುದು ಅವನಿಗೆ ಗೊತ್ತಿತ್ತು. ಆಗಲೇ ಹತ್ತು ಮನೆಯವರು ಹೋಗತೊಡಗಿದ್ದರು. ಅಪ್ಪನ ಕಾಲದ ಗಿರಣಿ ತನ್ನ ಕೈಯಲ್ಲಿ ಮುಚ್ಚಬಾರದು ಎನ್ನುವುದೊಂದೇ ಅವನ ತಲೆಯಲ್ಲಿ ಕೂತಿತ್ತು.

ಆ ಹೊತ್ತಿಗೆ ಒಬ್ಬ ಏಜೆಂಟ ಬಂದ. ಪಟಪಟ ಮಾತಾಡುವ ಮನುಷ್ಯ. ಗಿರಣಿಯ ತಗಡು ನೋಡಿದ, ಬಿಸಿಲು ನೋಡಿದ, ಮೋಟಾರಿನ ಮೇಲಿನ ಬಿಲ್ಲೆ ನೋಡಿದ.

"ಮಾಲಕ್ರ, ಸೋಲಾರ್ ಹಾಕಸ್ರಿ. ತಂತಿ ಹಂಗ ಬ್ಯಾಡ, ಯಾರ ಕಾಲ ಹಿಡಿಯೂದೂ ಬ್ಯಾಡ. ನಿಮ್ಮ ಮೋಟಾರ್ ಹತ್ತ ಎಚ್‌ಪಿ. ಅಂದ್ರ ಏಳೂವರಿ ಕಿಲೋವ್ಯಾಟ್. ನಾ ನಿಮಗ ಹತ್ತು ಕಿಲೋವ್ಯಾಟಿನ ಇನ್ವರ್ಟರ್ ಕೊಡ್ತೀನಿ. ಏಳೂವರಿ ಬೇಕಾದಲ್ಲೆ ಹತ್ತು. ಮತ್ತೇನ್ ಬೇಕ್ರಿ?"

ಏಳೂವರೆಗಿಂತ ಹತ್ತು ದೊಡ್ಡದು. ಇದು ಯಾರಿಗಾದರೂ ತಿಳಿಯುವ ಲೆಕ್ಕ. ಇಮಾಮಸಾಬನಿಗೂ ತಿಳಿಯಿತು. ತಿಳಿದದ್ದು ಅಷ್ಟೇ ಆದದ್ದರಿಂದ ಮುಂದಿನದೆಲ್ಲ ಆಯಿತು.

ಗಿರಣಿಯ ಎದುರಿಗೇ ಹುಚ್ಚಪ್ಪನ ಮನೆ. ಹುಚ್ಚಪ್ಪ ಕೈಮಗ್ಗದ ನೇಕಾರ, ಸೀರೆ ನೇಯುವವನು. ಇಮಾಮಸಾಬನೂ ಅವನೂ ಒಂದೇ ಸಾಲಿಯಲ್ಲಿ ಓದಿ, ಒಂದೇ ಹಲಗೆ ಮೇಲೆ ಕೂತವರು. ಇಬ್ಬರೂ ಅರವತ್ತರ ಹತ್ತಿರ ಬಂದಿದ್ದರು, ಆದರೂ ಒಬ್ಬರನ್ನೊಬ್ಬರು ಕರೆಯುವುದು ಸಾಲಿಯ ಹುಡುಗರ ಹಾಗೆಯೇ. ಹುಚ್ಚಪ್ಪನ ಮಗಳು ಅನ್ನಪೂರ್ಣ ಐಟಿಐನಲ್ಲಿ ಕರೆಂಟಿನ ಕೆಲಸ ಕಲಿತು, ಗಜೇಂದ್ರಗಡದಲ್ಲಿ ಮೋಟಾರು ಸುತ್ತುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸುಟ್ಟ ಮೋಟಾರು ಬಿಚ್ಚಿ, ತಂತಿ ಸುತ್ತಿ, ಮತ್ತೆ ತಿರುಗಿಸುವುದು ಅವಳ ದಿನದ ಕೆಲಸ. ಊರಲ್ಲಿ ಅವಳನ್ನು ಎಲ್ಲರೂ ಮೆಚ್ಚುತ್ತಿದ್ದರು. ಆದರೆ ಅವಳ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

ಸೋಲಾರಿನ ಸುದ್ದಿ ಕೇಳಿ ಅವಳು ಗಿರಣಿಯ ಕಟ್ಟೆಗೆ ಬಂದಳು. ಇಮಾಮಸಾಬನ ಹೆಂಡತಿ ಮಾಬೂಬಿ ಚಹಾ ಕೊಟ್ಟಳು.

"ಕಾಕಾ, ಬರೇ ಇನ್ವರ್ಟರ್ ಸಾಲೂದಿಲ್ರಿ," ಎಂದಳು ಅನ್ನಪೂರ್ಣ.

"ಯಾಕ ಸಾಲೂದಿಲ್ಲ? ಏಳೂವರಿಗೆ ಹತ್ತು ಸಾಲೂದಿಲ್ಲೇನು?"

"ಮೋಟಾರ್ ತಿರಗಾಕತ್ತಿದ ಮ್ಯಾಲ ಏಳೂವರಿ. ನಿಂತದ್ದು ಏಳೂವಾಗ ಅದರ ಐದಾರ ಪಟ್ಟು ಎಳಕೋತೈತಿ. ನೀವು ತುಂಬಿದ ಜ್ವಾಳದ ಚೀಲ ಎತ್ತೂದಿಲ್ಲೇನು? ನೆಲದಿಂದ ಹೆಗಲಿಗೆ ಏರಸೂದು ಕಷ್ಟೋ, ಹೆಗಲ ಮ್ಯಾಲಿಂದು ಹೊತ್ತಕೊಂಡು ನಡಿಯೂದೋ?"

"ಏರಸೂದು."

"ಹಂಗಽ ಇದು. ತಂತಿ ಕರೆಂಟಿನ ಹಿಂದ ದೊಡ್ಡ ಟ್ರಾನ್ಸ್‌ಫಾರ್ಮರ್ ಇರತೈತಿ, ಎಷ್ಟ ಕೇಳಿದ್ರೂ ಕೊಡತೈತಿ. ಇನ್ವರ್ಟರಿಗೆ ಅಷ್ಟ ತಾಕತ್ತಿಲ್ಲ. ಎರಡ ಪಟ್ಟು ಕೊಟ್ಟೀತು, ಅದೂ ನಾಕೈದ ಸೆಕೆಂಡ್. ಆಮ್ಯಾಗ ಕೈ ಎತ್ತಿ ಬಂದ್ ಆಗತೈತಿ."

"ಸ್ಟಾರ್ಟರ್ ಐತೆಲ್ಲ ನಮ್ಮದು?"

"ಆ ಸ್ಟಾರ್ಟರಿನಿಂದ ಜಗ್ಗೂದು ಸ್ವಲ್ಪ ಕಡಿಮಿ ಆಗತೈತ್ರಿ. ಆದ್ರ ಮೋಟಾರಿನ ಬಲಾನೂ ಕಡಿಮಿ ಆಗತೈತಿ. ಕಲ್ಲಿನ್ಯಾಗ ಕಾಳ ಸಿಕ್ಕಿದ್ರ ಅದಕ್ಕ ಏಳಾಕ ಬರೂದಿಲ್ಲ. ಒಂದ ವಿಎಫ್‌ಡಿ ಅಂತ ಡಬ್ಬಿ ಬರತೈತಿ ಕಾಕಾ. ಇನ್ವರ್ಟರಿಗೂ ಮೋಟಾರಿಗೂ ನಡಕ ಅದನ್ನ ಹಾಕಿದ್ರ, ಮೋಟಾರ್‌ನ ಒಮ್ಮಿಗೇ ಎಬ್ಬಸೂದಿಲ್ಲ. ಮೆಲ್ಲಕ, ಹತ್ತ ಸೆಕೆಂಡ್ ತಗೊಂಡು ಎಬ್ಬಸತೈತಿ. ಆವಾಗ ಈ ಇನ್ವರ್ಟರಽ ಸಾಕಾಗತೈತಿ."

ಇಮಾಮಸಾಬ ಏಜೆಂಟನಿಗೆ ಫೋನು ಹಚ್ಚಿ ಕೇಳಿದ. "ಅದೆಲ್ಲ ದೊಡ್ಡ ಫ್ಯಾಕ್ಟರಿಗ್ರಿ ಮಾಲಕ್ರ," ಎಂದ ಅವನು.

"ಕೇಳಿದೇನವಾ?" ಎಂದು ಇಮಾಮಸಾಬ ಅನ್ನಪೂರ್ಣಳ ಕಡೆ ತಿರುಗಿದ. "ನೀ ಹುಟ್ಟೂಕಿಂತ ಮೊದಲ ಹಿಡದು ನಾ ಈ ಗಿರಣಿ ತಿರಗಸೇನಿ."

"ಹುಡುಗಿ ಹೇಳೂದು ಒಂಚೂರು ಕೇಳ್ರಿ," ಎಂದಳು ಮಾಬೂಬಿ ಒಳಗಿನಿಂದ.

"ಕೇಳಿದ್ನಲ್ಲ, ಮತ್ತೆಷ್ಟ ಕೇಳ್ಲಿ?"

ಹುಚ್ಚಪ್ಪ ಅಲ್ಲೇ ಕೂತಿದ್ದ. ಮಗಳ ಪರವಾಗಿ ಒಂದು ಮಾತು ಆಡಬಹುದಿತ್ತು. ಗೆಳೆಯನಿಗೆ ಬೇಸರವಾದೀತೆಂದು ಸುಮ್ಮನೆ ಚಹಾ ಕುಡಿದ.

ತಗಡಿನ ಮೇಲೆ ಪ್ಯಾನೆಲ್ಲು ಕೂತವು. ಮೂಲೆಯಲ್ಲಿ ಬ್ಯಾಟರಿ ಕೂತವು, ಗೋಡೆಗೆ ಇನ್ವರ್ಟರು ಬಂತು. ಏಜೆಂಟನ ಕಡೆಯ ಮೇಸ್ತ್ರಿ ಎರಡು ದಿನ ಇದ್ದು ಗಿರಣಿ ಓಡಿಸಿ ತೋರಿಸಿದ. ಆ ಎರಡೂ ದಿನ ಅವನು ಮೇಲಿನ ಕಲ್ಲು ಸಡಿಲಿಸಿ, ಕಲ್ಲು ಬರಿದಾಗಿರುವಾಗಲೇ ಗುಂಡಿ ಒತ್ತಿದ್ದ. ಮೋಟಾರು ಸ್ವಲ್ಪ ತಿಣುಕಿ ಎದ್ದಿತ್ತು. ಹಾಗೆ ಏಕೆ ಮಾಡುತ್ತೇನೆ ಎಂದು ಅವನು ಹೇಳಲಿಲ್ಲ, ಇಮಾಮಸಾಬ ಕೇಳಲೂ ಇಲ್ಲ. ಹಗಲು ಹನ್ನೆರಡಕ್ಕೆ ತಂತಿಯ ಹಂಗಿಲ್ಲದೆ ಗಿರಣಿ ತಿರುಗುವುದನ್ನು ನೋಡಲು ಅರ್ಧ ಊರು ಬಂದಿತ್ತು. ಅಡಿವೆವ್ವನೂ ಬಂದು, ಬಿಸಿ ಹಿಟ್ಟು ಮುಟ್ಟಿ ನೋಡಿ, "ಸೂರ್ಯಾಗೂ ಈಗ ಕೂಲಿ ಹಚ್ಚಿದಿ ನೀನು," ಎಂದು ಹೋದಳು.

ಮೂರನೆಯ ದಿನದಿಂದ ಗಿರಣಿ ಇಮಾಮಸಾಬನ ಪದ್ಧತಿಯಂತೆ ನಡೆಯಬೇಕಾಗಿತ್ತು.

ಅವನ ಪದ್ಧತಿ ಹೀಗಿತ್ತು. ಸಂಜೆ ಗಿರಣಿ ಮುಚ್ಚುವಾಗ ಕಲ್ಲನ್ನು ಬರಿದು ಬಿಡುತ್ತಿರಲಿಲ್ಲ. ಕೊನೆಯ ಬುಟ್ಟಿ ಬೀಸಿ ಮುಗಿದ ಮೇಲೆ ಒಂದು ಬೊಗಸೆ ಜೋಳ ಕಲ್ಲಿನ ಬಾಯಿಗೆ ಹಾಕಿ, ಎರಡು ಸುತ್ತು ತಿರುಗಿಸಿ, ಕಲ್ಲು ಬಿಗಿದು ನಿಲ್ಲಿಸುತ್ತಿದ್ದ. ಅವನ ತಾಯಿ ಮನೆಯ ಬೀಸುಕಲ್ಲಿಗೂ ಹಾಗೆಯೇ ಮಾಡುತ್ತಿದ್ದಳು. ಕಲ್ಲು ಹಸಿದು ಮಲಗಿದರೆ ಮನೆಯವರೂ ಹಸಿಯುತ್ತಾರೆ ಎಂದು ಅವಳ ನಂಬಿಕೆ. ಊರಲ್ಲಿ ಎಷ್ಟೋ ಮನೆಯವರು ಬೀಸುಕಲ್ಲನ್ನು ಹಾಗೆಯೇ ಇಡುತ್ತಿದ್ದರು. ಇಷ್ಟು ವರ್ಷ ತಂತಿಯ ಕರೆಂಟು ಆ ಬೊಗಸೆ ಜೋಳವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಗುಂಡಿ ಒತ್ತಿದರೆ ಮೋಟಾರು ಗುದ್ದಾಡಿ ಎದ್ದುಬಿಡುತ್ತಿತ್ತು.

ಇನ್ವರ್ಟರಿಗೆ ಆ ಶಕ್ತಿ ಇರಲಿಲ್ಲ. ಗುಂಡಿ ಒತ್ತಿದ ಕೂಡಲೇ ಮೋಟಾರು ಗುಂಯ್ ಎಂದು ನರಳಿತು. ಮೋಟಾರಿಗೂ ಕಲ್ಲಿನ ಗಾಲಿಗೂ ಹಾಕಿದ ಬೆಲ್ಟಿನ ಪಟ್ಟಾ ಒಂದು ಗೇಣು ಸರಿದು ನಿಂತಿತು. ಇನ್ವರ್ಟರಿನಲ್ಲಿ ಕೆಂಪು ದೀಪ ಹತ್ತಿ ಎಲ್ಲ ಬಂದಾಯಿತು. ಸ್ಟಾರ್ಟರಿನ ಹಸಿರು ಗುಂಡಿ ಟಪ್ಪೆಂದು ಹೊರಗೆ ಬಂತು.

ಏಜೆಂಟನಿಗೆ ಫೋನು ಹೋಯಿತು. "ಒಂದ ನಿಮಿಷ ತಡೀರಿ ಮಾಲಕ್ರ. ಇನ್ವರ್ಟರ್ ತಾನಽ ರಿಸೆಟ್ ಆಗಿ ತಾನಽ ಚಾಲೂ ಆಗತೈತಿ," ಎಂದ ಅವನು.

ಈ ಮಾತನ್ನು ಇಮಾಮಸಾಬ ತನ್ನ ಕಿವಿಯಿಂದ ಕೇಳಿದ್ದ. ತಾನಾಗಿಯೇ ಬಂದಾದದ್ದು ತಾನಾಗಿಯೇ ಚಾಲೂ ಆಗುತ್ತದೆ. ಒಳ್ಳೆಯದೇ ಆಯಿತು ಎಂದುಕೊಂಡ.

ಎರಡು ಮೂರು ಸಲ ತಿಣುಕಿದ ಮೇಲೆ ಕಲ್ಲು ಸಡಿಲಾಗಿ ಗಿರಣಿ ಓಡುತ್ತಿತ್ತು. ಆದರೆ ಪ್ರತಿ ಸಲ ಹಸಿರು ಗುಂಡಿ ಹೊರಗೆ ಬರುತ್ತಿತ್ತು, ಮತ್ತೆ ಹೋಗಿ ಒತ್ತಬೇಕಾಗುತ್ತಿತ್ತು. ಅದಕ್ಕೆ ಅವನಲ್ಲಿ ಉಪಾಯ ಇತ್ತು. ಹೊಲದ ಪಂಪಿಗೆ ಎಲ್ಲರೂ ಮಾಡುವ ಉಪಾಯವೇ. ಜಾಲಿಯ ಕಡ್ಡಿಯೊಂದನ್ನು ಚೂಪು ಮಾಡಿ, ಗುಂಡಿ ಒಳಗೇ ಇರುವಂತೆ ಸಿಕ್ಕಿಸಿದ. ಕರೆಂಟು ಬಂದರೆ ಮೋಟಾರಿಗೂ ಬಂದಂತೆ.

ವಾರದ ಮೇಲೆ ಅನ್ನಪೂರ್ಣ ಹಿಟ್ಟಿಗೆ ಬಂದಾಗ ಮೊದಲು ಅವಳ ಕಣ್ಣಿಗೆ ಬಿದ್ದದ್ದು ಆ ಕಡ್ಡಿ. ಅವಳು ಸರಕ್ಕನೆ ಕಿತ್ತು ಕೈಯಲ್ಲಿ ಹಿಡಿದಳು.

"ಕಾಕಾ, ಇದನ್ನ ಯಾರ ಹಚ್ಚಿದ್ರು?"

"ನಾನಽ. ಯಾಕ, ಹೊಲದ ಪಂಪಿಗೆ ಇಪ್ಪತ್ತ ವರ್ಷಾತು ಹಿಂಗಽ ಐತಿ."

"ಕರೆಂಟ್ ಹೋದಾಗ ಗುಂಡಿ ಹೊರಗ ಬರೂದು ಕೆಟ್ಟದ್ದಕ್ಕಲ್ರಿ, ನಮ್ಮನ್ನ ಕಾಯಾಕ. ಕರೆಂಟ್ ಹೊಳ್ಳಿ ಬಂದ್ರ ಮೋಟಾರ್ ತಾನಽ ಏಳಬಾರದು ಅಂತ. ನೀವು ಕಡ್ಡಿ ಹಚ್ಚಿ ಕಾಯಾಂವನ ಕೈನಽ ಕಟ್ಟೀರಿ. ಈ ಪಟ್ಟಾಕ್ಕ ಕೈ ಸಿಗದಂಗ ಒಂದ ಜಾಳಗಿ ಹಾಕ್ರಿ ಅಂತ ಎಂದೋ ಹೇಳಿದ್ದೆ, ಅದೂ ಇಲ್ಲ."

ಪಾಳಿಯಲ್ಲಿದ್ದ ಹೆಂಗಸರು ತಿರುಗಿ ನೋಡಿದರು. ತನ್ನ ಗಿರಣಿಯಲ್ಲಿ, ತನ್ನ ಗಿರಾಕಿಗಳ ಮುಂದೆ, ಗೆಳೆಯನ ಮಗಳಿಂದ ಪಾಠ ಹೇಳಿಸಿಕೊಂಡದ್ದು ಇಮಾಮಸಾಬನಿಗೆ ಚುಚ್ಚಿತು.

"ಅಂಗಡ್ಯಾಗ ಮೋಟಾರ್ ಸುತ್ತವಾ ನೀನು. ಗಿರಣಿ ನನಗ ಬಿಡು."

ಅವಳು ಕಡ್ಡಿ ಬಿಸಾಕಿ, ಹಿಟ್ಟು ಹೊತ್ತುಕೊಂಡು ಹೋದಳು. ಅವಳು ರಸ್ತೆ ದಾಟುವುದರೊಳಗೆ ಇಮಾಮಸಾಬ ಇನ್ನೊಂದು ಕಡ್ಡಿ ಚೂಪು ಮಾಡಿದ್ದ.

ಅದು ನಡೆದದ್ದು ಒಂದು ಸೋಮವಾರ, ಬೆಳಿಗ್ಗೆ ಹತ್ತರ ಸುಮಾರಿಗೆ. ಗಿರಣಿಯ ಮುಂದೆ ಬುಟ್ಟಿಗಳು ಇದ್ದವು, ಈಗ ಹೆಂಗಸರೂ ಇದ್ದರು. ಹಗಲೆಲ್ಲ ಗಿರಣಿ ಓಡುತ್ತದೆ ಎಂದು ನಂಬಿ, ಗಜೇಂದ್ರಗಡಕ್ಕೆ ಹೋಗುತ್ತಿದ್ದವರೂ ಮರಳಿದ್ದರು. ಹುಚ್ಚಪ್ಪನೂ ಜೋಳದ ಬುಟ್ಟಿ ತಂದಿದ್ದ; ಗಿರಣಿಯ ಒಳಗೆ ಇದ್ದದ್ದು ಅವನು, ಇಮಾಮಸಾಬ, ಮಾಬೂಬಿ ಮಾತ್ರ. ಮಗ್ಗದ ಮೇಲೆ ಸೀರೆ ಸೆರಗಿನ ತನಕ ಬಂದಿತ್ತು. ಲಗೂನೆ ಬೀಸಿಕೊಂಡು ಮಗ್ಗಕ್ಕೆ ಕೂರಬೇಕೆಂದು ಅವನ ಅವಸರ.

ಇಮಾಮಸಾಬ ಮೇನ್ ಸ್ವಿಚ್ಚು ಹಾಕಿದ. ಮೋಟಾರು ನರಳಿತು, ಪಟ್ಟಾ ನಡುಗಿತು, ಕೆಂಪು ದೀಪ ಹತ್ತಿತು.

"ಮತ್ತ ಕುಂತಿತಲ್ಲೋ ನಿನ್ನ ಎಮ್ಮಿ," ಎಂದ ಹುಚ್ಚಪ್ಪ.

"ಕಲ್ಲ ಹಿಡದೈತಿ. ಒಂದ ಸುತ್ತ ಬಿಡಿಸಿದ್ರ ಓಡತೈತಿ. ಬಾ ಇಲ್ಲೆ, ಪಟ್ಟಾ ಜಗ್ಗು. ನಮ್ಮ ಆಯಿಲ್ ಇಂಜಿನ್ ಎಬ್ಬಸ್ತಿದ್ವಲ್ಲ, ಹಂಗ."

ಕರೆಂಟು ಬರುವುದಕ್ಕೆ ಮೊದಲು ಗಿರಣಿ ಆಯಿಲ್ ಇಂಜಿನ್ನಿನ ಮೇಲೆ ಓಡುತ್ತಿತ್ತು. ಇಬ್ಬರೂ ಹರೆಯದಲ್ಲಿ ಅದರ ಗಾಲಿ ಜಗ್ಗಿ ಜಗ್ಗಿ ಎಬ್ಬಿಸಿದವರು. ಇಂಜಿನ್ ನಿಂತರೆ ಸತ್ತಂತೆ. ಮನುಷ್ಯ ತಿರುಗಿಸದೆ ಅದು ಏಳುತ್ತಿರಲಿಲ್ಲ. ನಿಂತ ಯಂತ್ರಕ್ಕೆ ಕೈ ಹಚ್ಚುವುದು ಅವರಿಗೆ ಆ ಕಾಲದಿಂದ ಬಂದ ರೂಢಿ.

"ಮೇನ್ ತಗದೇನೋ?" ಎಂದು ಹುಚ್ಚಪ್ಪ ಕೇಳಿದ.

"ಅದು ತಾನಽ ಬಂದ್ ಆಗೈತಿ, ದೀಪ ಕಾಣವಲ್ತೇನು? ಜಗ್ಗು, ಜಗ್ಗು."

ಹುಚ್ಚಪ್ಪ ಬಲಗೈಯಿಂದ ಪಟ್ಟಾ ಹಿಡಿದು ಜಗ್ಗಿದ. ಕಲ್ಲು ಕರಕರ ಎಂದಿತು. ಇನ್ನೊಮ್ಮೆ ಜಗ್ಗಿದ. ಕಲ್ಲು ಸಡಿಲಾಯಿತು. ಆ ಹೊತ್ತಿಗೆ ಒಂದು ನಿಮಿಷ ತುಂಬಿತು. ಇನ್ವರ್ಟರು ಏಜೆಂಟ ಹೇಳಿದಂತೆಯೇ ತಾನಾಗಿ ಚಾಲೂ ಆಯಿತು. ಕಡ್ಡಿ ಗುಂಡಿಯನ್ನು ಒಳಗೇ ಹಿಡಿದಿತ್ತು. ಮೋಟಾರು ಎದ್ದಿತು.

ಹುಚ್ಚಪ್ಪ ಕೂಗಲೂ ಇಲ್ಲ. ಕೂಗಿದವಳು ಮಾಬೂಬಿ. ಅವಳೇ ಓಡಿ ಮೇನ್ ಸ್ವಿಚ್ಚು ಕೆಳಗೆಳೆದಳು. ಅಷ್ಟರೊಳಗೆ ಗಾಲಿ ಮತ್ತು ಪಟ್ಟಾದ ನಡುವೆ ಸಿಕ್ಕದ್ದು ಸಿಕ್ಕಿ ಆಗಿತ್ತು.

ಗಜೇಂದ್ರಗಡದ ದವಾಖಾನಿಯಲ್ಲಿ ಕೈ ಕಟ್ಟಿ ಗದಗಿಗೆ ಕಳಿಸಿದರು. ಮಾಬೂಬಿ ಬೆರಳುಗಳನ್ನು ತನ್ನ ಸೆರಗಿನ ತುಂಡಿನಲ್ಲಿ ಸುತ್ತಿ ಜೀಪಿನಲ್ಲಿ ಕೊಟ್ಟಿದ್ದಳು. ಗದಗಿನ ಡಾಕ್ಟರು ಬಿಚ್ಚಿ ನೋಡಿ, ಜಜ್ಜಿಹೋಗಿವೆ, ಜೋಡಿಸಲು ಬರುವುದಿಲ್ಲ ಎಂದರು. ಬಲಗೈಯ ನಡುವಿನ ಮೂರು ಬೆರಳು. ಹೆಬ್ಬೆರಳು ಮತ್ತು ಕಿರುಬೆರಳು ಉಳಿದವು.

ದವಾಖಾನಿಯಲ್ಲಿ ಬರೆದುಕೊಳ್ಳುವವರು, ಹೇಗಾಯಿತು ಎಂದು ಕೇಳಿದರು. ಇಮಾಮಸಾಬ, ಪೊಲೀಸರು ಬಂದರೆ, ಗಿರಣಿಗೆ ಬೀಗ ಬಿದ್ದರೆ ಎಂದು ಒಂದೇ ಕ್ಷಣ ಯೋಚಿಸಿದ.

"ನಾ ಬ್ಯಾಡ ಅಂದೆ ಸಾಹೇಬ್ರ. ತಾನಽ ಹೋಗಿ ಕೈ ಹಾಕಿದ."

ಹುಚ್ಚಪ್ಪ ಪಕ್ಕದ ಮಂಚದ ಮೇಲೆ ಎಚ್ಚರವಾಗಿಯೇ ಇದ್ದ. ತಲೆ ಹೊರಳಿಸಿ ಗೆಳೆಯನನ್ನು ನೋಡಿದ. ಇಮಾಮಸಾಬ ಆ ಮಾತನ್ನು ಅಲ್ಲೇ ನುಂಗಬಹುದಿತ್ತು. ನುಂಗಲಿಲ್ಲ.

ಆ ಮಾತು ಅವರಿಗಿಂತ ಮೊದಲೇ ಊರು ಮುಟ್ಟಿತು. ಹುಚ್ಚಪ್ಪ ತಿರುಗುವ ಪಟ್ಟಾಕ್ಕೆ ಕೈ ಹಾಕಿದನಂತೆ. ಬ್ಯಾಡ ಅಂದರೂ ಕೇಳಲಿಲ್ಲವಂತೆ. ಹಣೆಬರಹ ಎಂದರು ಕೆಲವರು, ದಡ್ಡತನ ಎಂದರು ಹೆಚ್ಚಿನವರು. ಏಜೆಂಟನ ಫೋನು ಮೊದಲು ಬಿಜಿ ಇತ್ತು, ಆಮೇಲೆ ಹತ್ತಲೇ ಇಲ್ಲ.

ಮಗ್ಗದ ಮೇಲಿನ ಸೀರೆ ಸೆರಗಿನಲ್ಲಿ ನಿಂತಿತು. ಹರಿದ ಎಳೆ ಹುಡುಕಿ ಗಂಟು ಹಾಕಬೇಕಾದರೆ ಬೆರಳ ತುದಿ ಬೇಕು. ಹುಚ್ಚಪ್ಪ ಎಡಗೈಯಿಂದ ಹದಿನೈದು ದಿನ ಪ್ರಯತ್ನಿಸಿದ. ಆಮೇಲೆ ನೂಲು ಕೊಟ್ಟ ಸಾವಕಾರ ಬಂದು, ಮಗ್ಗಕ್ಕೆ ಹೂಡಿದ್ದ ಉದ್ದೆಳೆಯ ಹಾಸನ್ನು ಕತ್ತರಿಸಿ, ಸುತ್ತಿಕೊಂಡು ಹೋದ. ಹುಚ್ಚಪ್ಪನ ಹೆಂಡತಿ ಶಂಕ್ರವ್ವ ಬೇರೆ ನೇಕಾರರ ಮನೆಗೆ ನೂಲು ಸುತ್ತಲು ಹೋಗತೊಡಗಿದಳು.

ಗಿರಣಿ ಮುಚ್ಚಿತ್ತು. ಎರಡು ತಿಂಗಳು ಇಮಾಮಸಾಬ ಎದುರಿನ ಮನೆಗೆ ಹೋಗಲಿಲ್ಲ. ನಡುವೆ ಇದ್ದದ್ದು ಒಂದು ಎತ್ತಿನ ಗಾಡಿ ಹೋಗುವಷ್ಟು ರಸ್ತೆ. ಮಾಬೂಬಿ ಮಾತ್ರ ದಿನಾ ಹೋಗಿ ಬರುತ್ತಿದ್ದಳು. ಬಂದು ಗಂಡನಿಗೆ ಊಟಕ್ಕೆ ಹಾಕುತ್ತಿದ್ದಳು, ಮಾತಾಡುತ್ತಿರಲಿಲ್ಲ. ಕಡೆಗೊಂದು ದಿನ ಹೇಳಿದಳು:

"ಗುಜರಿಯವರನ್ನ ಕರಸ್ರಿ, ಗಿರಣಿ ಮಾರ್ರಿ, ಏನರ ಮಾಡ್ರಿ. ಆದ್ರ ಮೊದಲ ಆ ಮನಿ ಹೊಸ್ತಲಾ ತುಳದ ಬರ್ರಿ. ನನಗ ಇಬ್ಬರ ಪಾಲಿಂದೂ ನಾಚಿ ಸಾಕಾಗೇತಿ."

ಅವನು ಹೋದ. ಹುಚ್ಚಪ್ಪ ಪಡಸಾಲೆಯಲ್ಲಿ ಕೂತಿದ್ದ. ಅನ್ನಪೂರ್ಣ ಕೆಲಸದಿಂದ ಆಗಷ್ಟೇ ಬಂದಿದ್ದಳು.

"ಬಾ," ಎಂದ ಹುಚ್ಚಪ್ಪ. ಅಷ್ಟೇ.

"ಗಿರಣಿ ಮಾರಿಬಿಡ್ತೀನೋ," ಎಂದ ಇಮಾಮಸಾಬ. "ಅದರ ಮಾರಿ ನೋಡಾಕ ಆಗವಲ್ದು."

ಶಂಕ್ರವ್ವ ಒಳಗಿಂದ ಬಂದಳು. "ಮಾರಿದ್ರ ಇವರ ಬೆರಳ ಹೊಳ್ಳಿ ಬರ್ತಾವೇನ್ರಿ ಅಣ್ಣಾ? ನಡಸಿದ್ರೂ ಬರೂದಿಲ್ಲ. ನೀವು ಮಾರಿದ್ದನ್ನ ಇನ್ನೊಬ್ಬಾಂವ ತಗೊಂಡು ಹಿಂಗಽ ನಡಸ್ತಾನ. ಅವನ ಎದುರಿನ ಮನ್ಯಾಗೂ ಯಾರರ ಇರ್ತಾರ."

ಇಮಾಮಸಾಬ ಅನ್ನಪೂರ್ಣಳ ಕಡೆ ನೋಡಿದ. ಅವಳೇ ಹೇಳಿದಳು.

"ಡಬ್ಬಿ ನಾ ಕೂಡಸ್ತೀನಿ ಕಾಕಾ. ಪಟ್ಟಾಕ್ಕ ಜಾಳಗೀನೂ ಮಾಡಸ್ತೀನಿ. ಆದ್ರ ಒಂದ ಕೆಲಸ ನೀವು ಮಾಡಬೇಕು. ಜಗ್ಗು ಅಂದಾವ್ರು ಯಾರು ಅನ್ನೂದನ್ನ ಗಿರಣಿ ಮುಂದ ನಿಂತು ಮಂದಿಗೆ ಹೇಳಬೇಕು."

"ಬಿಡ ಅನ್ನಪೂರ್ಣಾ," ಎಂದ ಹುಚ್ಚಪ್ಪ.

"ಬಿಡೂದಿಲ್ಲಪಾ. ನಿನಗ ದಡ್ಡ ಅಂದ್ರು ಅಂತ ನಾ ಹೇಳವಲ್ಲೆ. ತಿರಗೂ ಪಟ್ಟಾಕ್ಕ ಕೈ ಹಾಕಿದ ಅಂತ ಮಂದಿ ತಿಳಕೊಂಡಾರ. ನಾವು ಅಂಥಾ ದಡ್ಡರಲ್ಲ, ನಮಗ ಹಿಂಗ ಆಗೂದಿಲ್ಲ ಅಂತ ಧೈರ್ಯದಿಂದ ಅದಾರ. ಪಟ್ಟಾ ನಿಂತಿತ್ತು, ತಾನಽ ಎದ್ದಿತು ಅನ್ನೂದು ಯಾರಿಗೂ ಗೊತ್ತಿಲ್ಲ. ಗೊತ್ತಾಗದಿದ್ರ ನಾಳೆ ಇನ್ನೊಬ್ಬಾಂವನ ಕೈ ಹೋಗತೈತಿ."

ಇಮಾಮಸಾಬ ಎದ್ದು ನಿಂತು, "ಹೇಳ್ತೀನವಾ," ಎಂದ.

ಅನ್ನಪೂರ್ಣ ಒಂದು ರಜೆಯ ದಿನ ಬಂದು ಕೆಲಸ ಹಿಡಿದಳು. ಹಳೆಯ ಸ್ಟಾರ್ಟರು ಬಿಚ್ಚಿದಳು. ಅದರ ಜಾಗದಲ್ಲಿ ವಿಎಫ್‌ಡಿ ಡಬ್ಬಿ ಕೂರಿಸಿದಳು. ಕರೆಂಟು ಹೋಗಿ ಬಂದರೆ ಮೋಟಾರು ತಾನಾಗಿ ಏಳದಂತೆ, ಮನುಷ್ಯ ಗುಂಡಿ ಒತ್ತಿದರೆ ಮಾತ್ರ ಏಳುವಂತೆ ಅದನ್ನು ಹೊಂದಿಸಿದಳು. ಕೈಗೆ ಎಟಕುವಲ್ಲಿ ಬಂದ್ ಮಾಡುವ ದೊಡ್ಡ ಕೆಂಪು ಗುಂಡಿ ಹಾಕಿದಳು. ಪಟ್ಟಾಕ್ಕೆ ಕಬ್ಬಿಣದ ಜಾಳಗಿ ಬಂತು. ಮೇನ್ ಸ್ವಿಚ್ಚಿಗೆ ಬೀಗ ಬಂತು. ಕಲ್ಲಿಗೆ ಕೈ ಹಚ್ಚುವವರು ಮೊದಲು ಮೇನ್ ತೆಗೆದು, ಬೀಗ ಹಾಕಿ, ಕೀಲಿ ತಮ್ಮ ಕಿಸೆಯಲ್ಲೇ ಇಟ್ಟುಕೊಳ್ಳಬೇಕು ಎಂದಳು. "ಗಿರಣಿ ಜೋಡಿ ಬ್ಯಾರೆ ಮಷಿನ್ ಹಚ್ಚಬ್ಯಾಡ್ರಿ. ಒಂದ ತಿರಗೂವಾಗ ಇನ್ನೊಂದು ಏಳಾಕ ಹೋದ್ರ ಎರಡೂ ಬೀಳ್ತಾವು. ಮತ್ತ ಸಂಜಿಕ ಕಲ್ಲ ಬರಿದು ಮಾಡಿ ಎತ್ತಿ ಇಡ್ರಿ. ಕಲ್ಲ ಹಸದ ಮಲಗಿದ್ರ ಏನೂ ಆಗೂದಿಲ್ಲ. ಹಸಿಯೂದು ಈಗ ನಮ್ಮ ಮನಿ."

ಇಮಾಮಸಾಬ ಮೇನ್ ತೆಗೆದು, ಬೀಗ ಹಾಕಿ, ಕಲ್ಲಿನಲ್ಲಿ ಉಳಿದಿದ್ದ ಜೋಳವನ್ನು ಬಳಿದು ತೆಗೆದ.

ಗಿರಣಿ ಚಾಲೂ ಆಗುತ್ತದೆ ಎಂದು ಬುಟ್ಟಿಗಳು ಬಂದಿದ್ದವು. ಹದಿನೈದಿಪ್ಪತ್ತು ಜನ ಇದ್ದರು. ಇಮಾಮಸಾಬ ಕಟ್ಟೆ ಹತ್ತಿ ನಿಂತ.

"ಹುಚ್ಚಪ್ಪ ತಾನಾಗಿ ಕೈ ಹಾಕಲಿಲ್ಲ. ಜಗ್ಗು ಅಂದಾಂವ ನಾನು. ಮೇನ್ ತಗದೇನು ಅಂತ ಕೇಳಿದ, ತಗಿಲಿಲ್ಲ ನಾನು. ಅದು ತಾನಽ ಬಂದ್ ಆಗೈತಿ, ಕೆಂಪು ದೀಪ ಕಾಣವಲ್ತೇನು ಅಂದೆ. ಪಟ್ಟಾ ನಿಂತಿತ್ತು. ನಿಂತದ್ದಽ ಎದ್ದಿತು. ಗುಂಡಿಗೆ ಕಡ್ಡಿ ಹಚ್ಚಿದಾಂವನೂ ನಾನಽ. ಈ ಹುಡುಗಿ ಎರಡ ಸಲ ಹೇಳಿದ್ಲು. ದವಾಖಾನ್ಯಾಗ ಸುಳ್ಳ ಹೇಳಿದೆ."

ಅಡಿವೆವ್ವ ತಲೆ ಮೇಲಿನ ಸೆರಗು ಸರಿಮಾಡಿಕೊಂಡಳು.

"ಎರಡ ತಿಂಗಳಾತಲ್ಲೋ ನಾವು ಅವಗ ದಡ್ಡ ಅನ್ನಾಕತ್ತು," ಎಂದಳು. "ನೀ ಎದುರಿಗೇ ಕುಂತು ಕೇಳ್ತಿದ್ದಿ."

"ಕೇಳ್ತಿದ್ದೆ."

ಪಾಳಿಯ ಹಿಂದಿನಿಂದ ಕಮರುನ್ನಿಸಾ ಎಂಬ ಹೆಂಗಸು ಮೆಲ್ಲಗೆ ಕೇಳಿದಳು, "ಅನ್ನಪೂರ್ಣಾ, ನಮ್ಮ ಮನಿಯವರೂ ಬೋರಿನ ಪಂಪಿಗೆ ಹಂಗಽ ಕಡ್ಡಿ ಹಚ್ಚ್ಯಾರಲ್ಲವಾ. ಅದೂ ತಾನಽ ಏಳತೈತೇನು?"

"ಏಳತೈತ್ರಿ ಅಕ್ಕಾ. ಇವತ್ತಽ ತಗಸ್ರಿ."

"ನಮ್ಮದರಾಗೂ ಐತಿ," ಎಂದಳು ಇನ್ನೊಬ್ಬಳು. ಮೂರನೆಯವಳು ಬುಟ್ಟಿ ಅಲ್ಲೇ ಬಿಟ್ಟು ಹೊಲದ ದಾರಿ ಹಿಡಿದಳು.

ಅನ್ನಪೂರ್ಣ ಎಲ್ಲರನ್ನೂ ಹಿಂದೆ ಸರಿಸಿ ಗುಂಡಿ ಒತ್ತಿದಳು. ಮೋಟಾರು ನರಳಲಿಲ್ಲ, ಪಟ್ಟಾ ಜಿಗಿಯಲಿಲ್ಲ. ಡಬ್ಬಿಯ ಮೇಲಿನ ಅಂಕಿ ಐದು, ಹತ್ತು, ಇಪ್ಪತ್ತು ಎಂದು ಏರುತ್ತ ಹೋಯಿತು. ಗಾಲಿ ಮೆಲ್ಲಗೆ ಸರಿಯಿತು, ಆಮೇಲೆ ತಿರುಗಿತು, ಆಮೇಲೆ ಓಡಿತು. ಇನ್ವರ್ಟರಿನ ಕೆಂಪು ದೀಪ ಹತ್ತಲೇ ಇಲ್ಲ. ಮಾಬೂಬಿ ಮೊದಲ ಬುಟ್ಟಿಯ ಜೋಳ ಸುರಿದಳು.

ಹುಚ್ಚಪ್ಪ ರಸ್ತೆ ದಾಟಿ ಬಂದು ಬಾಗಿಲಲ್ಲಿ ನಿಂತಿದ್ದ. ಬಲಗೈಯನ್ನು ಶಲ್ಯದೊಳಗೆ ಇಟ್ಟುಕೊಂಡಿದ್ದ. ಗೋಡೆಯ ಮೇಲಿನ ಆ ಡಬ್ಬಿಯನ್ನು ಬಹಳ ಹೊತ್ತು ನೋಡಿದ. ಅಕ್ಕಿ ಅಳೆಯುವ ಡಬ್ಬಿಗಿಂತ ಅದು ಅಷ್ಟೇನೂ ದೊಡ್ಡದಿರಲಿಲ್ಲ.

"ಇಷ್ಟಽ ಇತ್ತೇನು?" ಎಂದು ಮಗಳನ್ನು ಕೇಳಿದ.

"ಇಷ್ಟಽ ಇತ್ತಪಾ," ಎಂದಳು ಅನ್ನಪೂರ್ಣ.

ಇಮಾಮಸಾಬ ಹಿಟ್ಟಿನ ಕಡೆ ಮುಖ ತಿರುಗಿಸಿಕೊಂಡ.

ಸಂಘದಲ್ಲಿ ಇದನ್ನು ಓದುತ್ತಿರುವ ಅಕ್ಕಂದಿರೇ, ರೇಡಿಯೋದಲ್ಲಿ ಕೇಳುತ್ತಿರುವ ಅಣ್ಣಂದಿರೇ, ಸೋಲಾರು ಕೆಟ್ಟದ್ದಲ್ಲ. ಹಿಟ್ಟಿನ ಗಿರಣಿ, ಖಾರದ ಮಷಿನ್ನು, ಪಂಪು, ಎಲ್ಲವೂ ಬಿಸಿಲಿನ ಕರೆಂಟಿನಲ್ಲಿ ಚಲೋ ನಡೆಯುತ್ತವೆ. ಆದರೆ ಮಾರುವವರು ಮೋಟಾರು ಓಡುವ ಲೆಕ್ಕ ಹೇಳಿದರೆ, ಏಳುವ ಲೆಕ್ಕ ಎಲ್ಲಿ ಎಂದು ಕೇಳಿ. ಮೆಲ್ಲಗೆ ಎಬ್ಬಿಸುವ ಡಬ್ಬಿ ಇಲ್ಲದೆ ದೊಡ್ಡ ಮೋಟಾರನ್ನು ಇನ್ವರ್ಟರಿಗೆ ಕಟ್ಟಬೇಡಿ. ಭಾರ ತೆಗೆದು ಎಬ್ಬಿಸಿ, ಒಂದಾದ ಮೇಲೆ ಒಂದನ್ನು ಎಬ್ಬಿಸಿ. ದೀಪ ಆರಿದೆ, ಸದ್ದು ನಿಂತಿದೆ ಎಂದು ಯಂತ್ರಕ್ಕೆ ಕೈ ಹಚ್ಚಬೇಡಿ. ಮೇನ್ ಸ್ವಿಚ್ಚನ್ನು ನೀವೇ ತೆಗೆದಿದ್ದರೆ ಮಾತ್ರ ಅದು ನಿಂತಂತೆ. ತಿಳಿದವರು ಹೇಳಿದರೆ, ಹೇಳುವವರ ವಯಸ್ಸು ನೋಡದೆ ಕೇಳಿ. 'ಮನೆಗೆ ಹೋಗಿ ಮಾಡೋಣ' ಅನ್ನಬೇಡಿ, ಈಗಲೇ ಎದ್ದು ನಿಮ್ಮ ಮೋಟಾರಿನ ಹತ್ತಿರ ಹೋಗಿ ನೋಡಿ. ಹತ್ತು ಬೆರಳೂ ಇರುವಾಗಲೇ ನೋಡಿ.